ಉಭಯ ಕುಶಲೋಪರಿ

ತೋರ್ತೆಲ್ ಊರಿನಲ್ಲಿ ರಸ್ತೆಯಿಲ್ಲ.
ಸೈಪ್ರಸ್ ಹಲಗೆಯ ಕಾಲುದಾರಿ, ಕೆಳಗೆ ಕೆಸರು,
ಕೆಸರಿಗೆ ತಾಗಿ ಸಮುದ್ರ.
ಹಿಟ್ಟಿನ ಮೂಟೆ, ಗ್ಯಾಸಿನ ಸಿಲಿಂಡರು, ಮದುಮಗಳು, ಹೆಣ
ಎಲ್ಲ ಆ ಹಲಗೆಯ ಮೇಲೇ.
ಬೆಳಗಿನ ಐದಕ್ಕೆ ಒಬ್ದೂಲಿಯಾ ಚಿಗ್ವಾಯ್
ಸುತ್ತಿಗೆ ಹಿಡಿದು ಹೊರಡುತ್ತಾಳೆ:
ಟಕ್, ಗಟ್ಟಿ. ಟಕ್, ಗಟ್ಟಿ. ಡೊಪ್.
ಡೊಪ್ ಎಂದಲ್ಲಿ ಸೀಮೆಸುಣ್ಣದ ಗೀಟು.

ಸಾಂತ್ಯಾಗೊದಿಂದ ಬಂದ ಹುಡುಗ
ನಮ್ಮ ಪುವೆರ್ತೊ ಮೊಂತ್ ಕಚೇರಿಯ ಸಭೆಯಲ್ಲಿ ಕೇಳಿದ್ದ:
‘ಜಾಲ ತನ್ನೊಳಗೇ ಆಡಿಕೊಳ್ಳುವ ಮಾತಿಗೆ
ಬೇರೆಯೇ ದಾರಿ ಮಾಡಿದರೇನು?
ಗಿರಾಕಿಯ ಸರಕಿನ ನಡುವೆ ನಮ್ಮ ಸುದ್ದಿ ಯಾಕೆ ತೂರಬೇಕು?’
ತೋರ್ತೆಲ್ಲಿನ ನೆಲಿದಾ
ಸೋರೆಬುರುಡೆಯ ಕಹಿ ಚಹ ಹೀರುತ್ತ ಅಂದಳು:
‘ಒಬ್ದೂಲಿಯಾ ದೋಣಿಯಲ್ಲಿ ಹೋದರೆ
ಯಾವ ಹಲಗೆ ಕೊಳೆತಿದೆ ಅಂತ ಮೀನು ಬಂದು ಹೇಳುತ್ತದಾ?’

ಹಾಗಾಗಿ ಒಂದೇ ದಾರಿ.
ಎಕ್ಸ್‌ರೇ, ಮೀನಿನ ದರ, ಫುಟ್‌ಬಾಲು, ಯಾರದೋ ಅಳು,
ಪ್ರತಿ ಪ್ಯಾಕೆಟ್ಟಿನ ಹಣೆಗೂ ಒಂದು ಸಂಖ್ಯೆ.
ಠಾಣೆ ಠಾಣೆಯಲ್ಲೂ ಆ ಹಣೆಬರಹ ಅಳಿಸಿ
ಇನ್ನೊಂದು ಬರೆಯುತ್ತಾರೆ.
ಬರೆದವರು ಒಳಗೇನಿದೆಯೆಂದು ಕೇಳುವುದಿಲ್ಲ,
ಮುಂದಕ್ಕೆ, ಅನ್ನುತ್ತಾರೆ, ಅಷ್ಟೆ.
ನಮ್ಮ ಸಂದೇಶವೂ ಅದೇ ಸಾಲಿನಲ್ಲಿ,
ಅದೇ ನೂಕು, ಅದೇ ಜಾರಿಕೆ;
ಮೇಲಿನ ಚೀಟಿಯ ಅಡಿಯಲ್ಲಿ ಮಾತ್ರ ಇನ್ನೊಂದು ಚೀಟಿ:
ಹದಿಮೂರು.

ನಮ್ಮ ಕಡೆ ಹದಿಮೂರು ಮಂಗಳವಾರ ಬಿದ್ದರೆ
ಮದುವೆಯಾಗಬೇಡ, ದೋಣಿ ಹತ್ತಬೇಡ ಅನ್ನುತ್ತಾರೆ.
ಸಂಖ್ಯೆ ಹಂಚಿದವರಿಗೆ ಯಾರೂ ಹೇಳಲಿಲ್ಲವೇನೋ.
ಹದಿಮೂರು ಅಂದರೆ, ಇದು ಯಾರ ಸರಕೂ ಅಲ್ಲ,
ಬಾಗಿಲಾಚೆ ಕೊಡಬೇಡಿ, ನೀವೇ ಒಡೆದು ಓದಿ.
ಒಡೆದರೆ?
ಇತ್ತ ಕ್ಷೇಮ. ಅತ್ತ ಕ್ಷೇಮವೇ?
ಸೆಕೆಂಡಿಗೆ ಮುನ್ನೂರು ಸಲ.
ಅಷ್ಟು ಕಾಗದ ಬರೆದವರು ಯಾವ ಪ್ರೇಮದಲ್ಲೂ ಇಲ್ಲ,
ಅಷ್ಟು ಕಡಿಮೆ ವಿಷಯದ ಕಾಗದವೂ.

ಜುಲೈ, ರಾತ್ರಿ ಎರಡೂ ನಲವತ್ತು.
ಒಂದು ಕಾಗದ ಬರಲಿಲ್ಲ.
ಒಂದಕ್ಕೆ ಯಾರೂ ಗಾಬರಿಯಾಗುವುದಿಲ್ಲ.
ಎರಡು.
ಮೂರು ತಪ್ಪಿದರೆ ಸತ್ತಂತೆ, ಹಾಗೆಂದು ಕರಾರು.
ರೆಪ್ಪೆ ಮುಚ್ಚಿ ತೆರೆಯುವುದರೊಳಗೆ
ಸರಕೆಲ್ಲ ಬೆಟ್ಟದ ಮೇಲಿನ ದಾರಿ ಹಿಡಿದಿತ್ತು.
ನನ್ನ ಪರದೆಯಲ್ಲಿ ಒಂದು ಸಾಲು ಕೆಂಪು.
ಅಲ್ಲಿ ದವಾಖಾನೆಯಲ್ಲಿ, ದೂರದ ಡಾಕ್ಟರಿಗೆ
‘ನಾಡಿ ನೂರಾ’ ಎಂದ ದಾದಿ
‘ಹತ್ತು’ ಎಂದು ಮುಗಿಸಿದಳು.
ನಡುವೆ ದಾರಿಯೇ ಬದಲಾದದ್ದು
ಅವಳಿಗೂ ತಿಳಿಯದು, ನಾಡಿಗೂ.

ಮುರಿದದ್ದೆಲ್ಲಿ? ಅದಕ್ಕೊಂದು ಕ್ರೂರ ಉಪಾಯವಿದೆ:
ಸಂದೇಶಕ್ಕೆ ಆಯಸ್ಸು ಎಣಿಸಿ ಕೊಡುವುದು.
ಒಂದೇ ಠಾಣೆಯಷ್ಟು ಬದುಕು.
ಹೋಗಿ ಅಲ್ಲಿ ಬೀಳುತ್ತದೆ. ಬಿದ್ದದ್ದರ ಚೀಟಿ ಎತ್ತಿ,
ಅಡಿಯಲ್ಲಿ ಹದಿಮೂರು ಕಂಡು, ಅಲ್ಲಿಯವರು ಬರೆಯುತ್ತಾರೆ:
ಇಲ್ಲಿಯವರೆಗೆ ಬಂತು.
ಇನ್ನೊಂದಕ್ಕೆ ಎರಡು. ಇಲ್ಲಿಯವರೆಗೆ ಬಂತು.
ಮೂರು. ಬಂತು.
ನಾಲ್ಕು ಕೊಟ್ಟು ಕಾದೆ.
ಚಹ ಆರಿತು.

ನೆಲಿದಾಳನ್ನು ಎಬ್ಬಿಸಿದೆ. ಚಿಪ್ಪುಮೀನಿನ ದೋಣಿಯೊಂದರ ಲಂಗರು.
‘ಬೇರು ಅಂದುಕೊಂಡೆ’ ಅಂದನಂತೆ ದೋಣಿಯವನು.
ಬೇರೇ ತಾನೆ, ಒಂದು ಲೆಕ್ಕಕ್ಕೆ.

ದಾಖಲೆ ಪುಸ್ತಕದಲ್ಲಿ ಬರೆದೆ: ಗಿರಾಕಿಗಳ ದೂರು, ಇಲ್ಲ.
ನನಗೂ ಅಣ್ಣ ಎವಾರಿಸ್ತೊಗೂ
ಇಂಥ ಕರಾರು ಯಾವುದೂ ಆಗಿರಲಿಲ್ಲ,
ಎಷ್ಟು ತಪ್ಪಿದರೆ ಎಷ್ಟು ಎಂದು.
ಹನ್ನೊಂದು ಕ್ರಿಸ್‌ಮಸ್ ಎಣಿಸಿದ್ದೇನೆ,
ಇನ್ನೂ ಕೆಂಪು ಹಚ್ಚಿಲ್ಲ.

ಬೆಳಗಾದ ಮೇಲೆ ನೆಲಿದಾಳ ಸಂದೇಶ:
ಕೇಬಲ್ ಹೊಲಿದಾಯಿತು. ಮರಳುವಾಗ ಹಲಗೆ ಕುಸಿಯಿತು.
ಒಬ್ದೂಲಿಯಾ ಗೀಟು ಹಾಕಿಯೇ ಇದ್ದಳು, ನಾನು ನೋಡಲಿಲ್ಲ.
ಮಂಡಿ ತರಚಿದೆ.
ಉಳಿದಂತೆ ಕ್ಷೇಮ.